ಹಾಲುಕ್ಕುವ ಮೊದಲು ಸಹಿ

ಕೋವಿಡ್ ಮುಗಿದ ಮರುವರ್ಷ. ಕೋರ್ಟಿನ ಅಮೀನನಾಗಿ ನಿವೃತ್ತನಾಗಿದ್ದ ನಾನು ಹುಣಸೂರಿನಲ್ಲಿ ಮನೆ ಬ್ರೋಕರ್ ಆಗಿದ್ದೆ. ಬಾಡಿಗೆಗೆ ಬರುವವರ ಮೇಲೆ ಕೇಸು, ಡಿಕ್ರಿ ಇದೆಯೇ ಎಂದು ನೋಡಿ ಮಾಲೀಕರಿಗೆ ಹೇಳುವುದೂ ನನ್ನ ಕೆಲಸ. ಡಿಕ್ರಿ ಎಂದರೆ ಇಂಥವರು ಇಷ್ಟು ಹಣ ಕೊಡತಕ್ಕದ್ದು ಎಂಬ ಕೋರ್ಟಿನ ತೀರ್ಪು. ಅದನ್ನು ಜಾರಿ ಮಾಡಲು ಹೋಗಿ ಸರ್ವಿಸ್ ಪೂರ್ತಿ ಬೈಸಿಕೊಂಡವನು ನಾನು. ಯಾರ ಕಣ್ಣೀರಿಗೂ ಸುಲಭವಾಗಿ ಕರಗುವುದಿಲ್ಲ.

ರಾಜಣ್ಣನೆಂಬ ಮಾಲೀಕನ ಮನೆ ಕೇಳಿಕೊಂಡು ಭಾಗ್ಯಮ್ಮ ಬಂದರು. ರಾವಂದೂರು ಕಡೆಯವರು, ಟೈಲರ್. ಅವರಿದ್ದ ಬಾಡಿಗೆ ಮನೆಯನ್ನು ಅದರ ಮಾಲೀಕರು ಕೆಡವುವುದರಲ್ಲಿದ್ದರು. ಆಷಾಢದಲ್ಲಿ ನಮ್ಮ ಕಡೆ ಯಾರೂ ಮನೆ ಬದಲಿಸುವುದಿಲ್ಲ. ಅದಕ್ಕೆ ಮೊದಲು ಉಳಿದಿದ್ದ ಒಳ್ಳೆಯ ದಿನ ಮರುದಿನ ಒಂದೇ. ಹುಡುಕಿದರೆ ಅವರ ಮೇಲೆ ಡಿಕ್ರಿ ಇತ್ತು. ಏನಮ್ಮ ಇದು ಎಂದು ಕೇಳಿದೆ.

"ತಮ್ಮನ ಆಟೋ ಸಾಲಕ್ಕೆ ಜಾಮೀನು ಆಕಿದ್ದೆ ಕಣ್ರೀ. ಅವ್ನು ಕೈ ಎತ್ತಿದ. ನಾನೇ ಕಟ್ಟಿ ತೀರಿಸ್ದೆ" ಎಂದು ರಸೀದಿ, ಕೇಸು ಮುಗಿಯಿತೆಂಬ ಕೋರ್ಟಿನ ಆದೇಶ ಎರಡನ್ನೂ ಟೇಬಲ್ ಮೇಲೆ ಕುಕ್ಕಿದರು. ಎರಡೂ ಸರಿಯಾಗಿದ್ದವು. ಸಾಲ ತೀರಿದೆ ಎಂದು ರಾಜಣ್ಣನಿಗೆ ತಿಳಿಸಿದೆ.

ಅವನು ನಕ್ಕ. "ತೀರಿದ್ರೂ ಡಿಕ್ರಿ ಡಿಕ್ರೀನೇ. ನಾಳೆ ಹಾಲುಕ್ಕಿಸ್ಲಿ ಬುಡಿ ಅಮೀನ್ರೇ, ಪೇಪರ್ ಆಮೇಲೆ. ಸಾಮಾನು ಇಳಿಸಿದ್ಮೇಲೆ ಆಷಾಢದಲ್ಲಿ ಎಲ್ಲಿಗೋಯ್ತಾಳೆ? ಇದೇ ನೆಪ ಹೇಳಿ ಅಡ್ವಾನ್ಸ್ ಡಬಲ್ ಮಾಡಣ."

ನನಗೆ ಮೈ ಉರಿದುಹೋಯಿತು. ಕೋರ್ಟೇ ಮುಗಿಸಿದ ಕೇಸನ್ನು ಹಿಡಿದು ಇವನು ವಸೂಲಿಗೆ ಹೊರಟಿದ್ದ.

ಮರುದಿನ ಬೆಳಗ್ಗೆ ಭಾಗ್ಯಮ್ಮ ಬಂದಾಗ ಬಾಗಿಲಲ್ಲೇ ತಡೆದು, ಕರಾರಿಗೆ ಸಹಿ ಬೀಳುವವರೆಗೆ ಒಲೆ ಹಚ್ಚಬೇಡಿ ಎಂದೆ. ಯಾಕೆಂದೂ ಹೇಳಿದೆ. ಅವರು ಹಾಲಿನ ಪಾತ್ರೆಯನ್ನು ಹೊಸ್ತಿಲಾಚೆ ಇಟ್ಟು ಅಲ್ಲೇ ಕೂತರು. ಸಾಮಾನಿನ ಗಾಡಿ ಬೀದಿಯಲ್ಲೇ ನಿಂತಿತು. ಅಕ್ಕಪಕ್ಕದವರು ಇಣುಕತೊಡಗಿದರು.

"ಒಳ್ಳೇ ಗಳಿಗೆ ಓಯ್ತಾ ಅದೆ, ಏಳಮ್ಮ" ಎಂದು ರಾಜಣ್ಣ ಗದರಿದ.

"ಓಗ್ಲಿ ಬುಡಿ" ಎಂದರು ಭಾಗ್ಯಮ್ಮ. "ಆಷಾಢ ನನ್ಗೊಬ್ಳಿಗೇನಾ? ನಿಮ್ ಮನೇಗೂ ಬೀಗವೇ."

ಅವನು ನನ್ನನ್ನು ತಿಂದುಬಿಡುವ ಹಾಗೆ ನೋಡಿದ. ಮೊದಲು ಒಪ್ಪಿದ್ದ ಅಡ್ವಾನ್ಸಿಗೇ ಸಹಿ ಹಾಕಿ, "ಇನ್ಮೇಲೆ ನನ್ ಮನೆ ಕಡೆ ತಲೆ ಆಕ್ಬೇಡಿ" ಎಂದು ಹೊರಟುಹೋದ. ನನ್ನ ಕಮಿಷನ್ನೂ ಅವನ ಜೊತೆಗೇ ಹೋಯಿತು.

ಭಾಗ್ಯಮ್ಮ ಹಾಲುಕ್ಕಿಸಿ ನನಗೂ ಒಂದು ಲೋಟ ಕೊಟ್ಟರು. ಮುಖದಲ್ಲಿ ನಗುವಿರಲಿಲ್ಲ. "ನನ್ ಕೇಸು ಹುಡುಕ್ದಂಗೆ ಈ ಮಾಲೀಕ್ರು ಎಂತೋರು ಅಂತ್ಲೂ ಹುಡುಕಿ ಹೇಳಿದ್ರೆ, ಈ ಬಾಗ್ಲಿಗೆ ನಾನು ಬತ್ತಾನೇ ಇರ್ಲಿಲ್ಲ" ಎಂದರು.

ಅಂದಿನಿಂದ ಬಾಡಿಗೆಗೆ ಕೊಡುವವರ ಹೆಸರನ್ನೂ ಹುಡುಕುತ್ತೇನೆ. ಸಿಕ್ಕಿದ್ದನ್ನು ಬಾಡಿಗೆಗೆ ಬಂದವರಿಗೆ ಹೇಳುತ್ತೇನೆ. ಅದು ಬೇಡ ಎನ್ನುವ ಮಾಲೀಕನ ಮನೆಯನ್ನು ನಾನು ತೋರಿಸುವುದಿಲ್ಲ.