ಬನಹಟ್ಟಿಯಲ್ಲಿ ಗಟಾರ ಮುಚ್ಚಿದ ಹುಡುಗಿ

ಬೀಳಗಿಯಲ್ಲಿ ಬಸ್ಸು ಹತ್ತಿದಾಗ ಚಳಿ ಇನ್ನೂ ಬಿಟ್ಟಿರಲಿಲ್ಲ. ಜನವರಿಯ ಮುಂಜಾನೆ. ಕಿಟಕಿಯ ಗಾಜು ಪೂರ್ತಿ ಮುಚ್ಚುತ್ತಿರಲಿಲ್ಲವಾದ್ದರಿಂದ ಸೆರಗನ್ನು ಕಿವಿಗೆ ಸುತ್ತಿಕೊಂಡು ಕೂತೆ. ಹೆಣ್ಣುಮಕ್ಕಳಿಗೆ ಪ್ರಯಾಣ ಉಚಿತವಾದ ಮೇಲೆ ಈ ಬಸ್ಸುಗಳಲ್ಲಿ ಸೀಟು ಸಿಗುವುದು ಅಪರೂಪ. ಅಂದು ಸಿಕ್ಕಿತು. ಹಿಂದಿನ ದಿನ ಬನಹಟ್ಟಿಯಿಂದ ತಮ್ಮನ ಹೆಂಡತಿ ಕಸ್ತೂರಿ ಫೋನ್ ಮಾಡಿದ್ದಳು.

"ಅಕ್ಕಾರ, ನೀವು ಸಾಲಿ ಕಲಸವ್ರು. ನಿಮ್ಮ ಮಾತ ಕೇಳತಾಳ. ಬಂದು ಒಂದೀಟ ಸಾವಿಗೆ ಬುದ್ಧಿ ಹೇಳ್ರಿ. ಅಪ್ಪನ ಕೂಡ ಮಾತ ಬಿಟ್ಟು ವಾರ ಆತು."

ಸಾವಿ ಎಂದರೆ ಸಾವಿತ್ರಿ, ನನ್ನ ತಮ್ಮ ಶಂಕರನ ಒಬ್ಬಳೇ ಮಗಳು. ಆರನೆಯ ತರಗತಿ. ಶಂಕರ ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಸೀರೆಯ ನೂಲಿಗೆ ಬಣ್ಣ ಹಾಕುತ್ತಾನೆ. ಶಾಲೆಯಲ್ಲಿ ವಿಜ್ಞಾನದ ಮಾಸ್ತರು ಪರಿಸರದ ಪಾಠ ಮಾಡಿ, ನಿಮ್ಮ ಓಣಿಯ ನೀರು ಎಲ್ಲಿಗೆ ಹೋಗುತ್ತದೆ ನೋಡಿಕೊಂಡು ಬನ್ನಿ ಎಂದಿದ್ದರಂತೆ. ಉಳಿದ ಮಕ್ಕಳು ಗಟಾರದವರೆಗೆ ನೋಡಿ ಬಂದರು. ಸಾವಿ ಊರಾಚೆಯ ಹಳ್ಳದವರೆಗೆ ಹೋದಳು. ಅಲ್ಲಿ ಕೆಂಪು ನೀರು ಕಂಡಿತು. ಅದರ ಜಾಡು ಹಿಡಿದು ತಿರುಗಿ ಬಂದರೆ ಅದು ಅವಳ ಮನೆಯ ಹಿತ್ತಿಲಿಗೇ ಬಂದು ನಿಂತಿತು.

ಕೆಲವು ದಿನ ಅಪ್ಪನಿಗೆ ಹೇಳಿ ನೋಡಿದಳು. ಆಮೇಲೆ ಒಂದು ಬೆಳಿಗ್ಗೆ, ಮನೆಯವರು ಏಳುವ ಮೊದಲೇ, ಶೆಡ್ಡಿನ ನೀರು ಹೊರಹೋಗುವ ಕಿಂಡಿಗೆ ಗೋಣಿಚೀಲ ತುರುಕಿ, ಮೇಲೆ ಹಸಿ ಮಣ್ಣು ಮೆತ್ತಿ ಶಾಲೆಗೆ ಹೋಗಿಬಿಟ್ಟಳು. ಬಣ್ಣದ ನೀರೆಲ್ಲ ಹಿಂದಕ್ಕೆ ತಿರುಗಿ ಒಳಗೆ ನುಗ್ಗಿ, ಬಣ್ಣ ಹಾಕಲು ಸಾಹುಕಾರ ಕೊಟ್ಟಿದ್ದ ಬಿಳಿ ನೂಲೆಲ್ಲ ನೆಂದು ಕೆಟ್ಟುಹೋಯಿತು. ಶಂಕರ ಮಗಳ ಮೇಲೆ ಎಂದೂ ಕೈ ಎತ್ತಿದವನಲ್ಲ. ಅಂದು ಹೊಡೆದ.

ಮುಧೋಳ ಮುಟ್ಟುವ ಹೊತ್ತಿಗೆ ಬಿಸಿಲು ಬಂದಿತ್ತು. ಕಬ್ಬಿನ ಹಂಗಾಮು. ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಹಾಡು ಹಾಕಿಕೊಂಡು ಸಾಲಾಗಿ ಹೋಗುತ್ತಿದ್ದವು. ಬನಹಟ್ಟಿಯ ನೇರ ಬಸ್ಸು ತಪ್ಪಿತ್ತು. ಜಮಖಂಡಿಯ ಬಸ್ಸು ನಿಂತಿತ್ತು, ಅದನ್ನೇ ಹತ್ತಿದೆ. ಪಕ್ಕದ ಸೀಟಿನಲ್ಲಿ ಒಬ್ಬರು ರೈತರು, ತೊಡೆಯ ಮೇಲೆ ರಿಪೇರಿ ಮಾಡಿಸಿದ ಪಂಪು ಇಟ್ಟುಕೊಂಡು ಕೂತಿದ್ದರು. ದಾರಿಯ ಬದಿಯ ಒಂದು ಹೊಲದಲ್ಲಿ ಕಬ್ಬಿನ ಸಾಲು ತುಂಬಿ, ನೀರು ರಸ್ತೆಗೆ ಹರಿದಿತ್ತು. ಹೊಲದಲ್ಲಿ ಯಾರೂ ಇರಲಿಲ್ಲ.

"ಮೋಟರ್ ಬಂದ್ ಮಾಡಾಕ ಯಾರೂ ಇಲ್ಲೇನ್ರಿ?" ಎಂದೆ.

"ಬಂದ್ ಯಾಕ ಮಾಡ್ತಾರ್ರಿ? ಕರೆಂಟ್ ಇದ್ದಾಗ ಎಳಕೋಬೇಕು. ನಾ ಬಿಟ್ರ ಬಾಜೂದಾಂವ ಎಳಕೋತಾನ," ಎಂದರು. ಪಂಪನ್ನು ತೊಡೆಯ ಮೇಲೆ ಸರಿಮಾಡಿಕೊಂಡು, "ನಮ್ಮ ಮೊಮ್ಮಗನೂ ನಿಮ್ಮಂಗ ಕೇಳತಾನ್ರಿ. ಸಣ್ಣಾಂವ ಅದಾನ," ಎಂದು ನಕ್ಕರು. ನಾನೂ ನಕ್ಕೆ. ನಲ್ಲಿ ತಿರುವಿ ನೀರು ಉಳಿಸಿ ಎಂಬ ಪದ್ಯವನ್ನು ನನ್ನ ಶಾಲೆಯ ಮಕ್ಕಳಿಗೆ ಅಭಿನಯದೊಂದಿಗೆ ಕಲಿಸಿದ್ದೇನೆ ಎಂದು ಅವರಿಗೆ ಹೇಳಲಿಲ್ಲ.

ಜಮಖಂಡಿಯಲ್ಲಿ ಚುರುಮುರಿ, ಮಿರ್ಚಿ ತಿಂದು ಚಹಾ ಕುಡಿದು, ಬನಹಟ್ಟಿ ಸೇರಿದಾಗ ಮಧ್ಯಾಹ್ನ. ಬಸ್ಸಿಳಿದು ಓಣಿಗೆ ತಿರುಗಿದೊಡನೆ ಮಗ್ಗಗಳ ಸದ್ದು ಕಿವಿಗೆ ಬೀಳುತ್ತದೆ. ಮಾತಾಡುವವರೆಲ್ಲ ಇಲ್ಲಿ ದನಿ ಏರಿಸಿಯೇ ಮಾತಾಡುತ್ತಾರೆ. ಶಂಕರ ಮಾತ್ರ ಮೆಲ್ಲಗೆ ಮಾತಾಡಿದ. ಕಸ್ತೂರಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಬಡಿಸಿದಳು. ಅವನು ಒಂದು ತುತ್ತು ಮುರಿದು ಹಾಗೆಯೇ ಹಿಡಿದುಕೊಂಡ.

"ಅಕ್ಕಾ, ಆಕಿ ಹೇಳೂದು ಸುಳ್ಳ ಅಂತ ನಾ ಅನ್ನಂಗಿಲ್ಲ. ಆ ಹಳ್ಳದಾಗ ನಾ ಈಸ ಕಲತೇನಿ. ಈಗ ಎಮ್ಮಿ ಸೈತ ಇಳಿಯಂಗಿಲ್ಲ. ನೀರು ಸ್ವಚ್ಛ ಮಾಡೂ ಟಾಕಿ ಕಟ್ಟಸು ಅಂತಾರ ಸರಕಾರದವ್ರು. ಅದನ್ನಿಡಾಕ ಈ ಶೆಡ್ಡಿನಷ್ಟ ಜಾಗಾ ಬೇಕು. ಎಲ್ಲಿಂದ ತರ್ಲಿ? ಬಿಟ್ರ ಏನ ಮಾಡ್ಲಿ, ಬ್ಯಾರೆ ಕೆಲಸ ಬರೂದಿಲ್ಲ ನನಗ."

ಸಾವಿ ಶಾಲೆ ಬಿಟ್ಟು ಬಂದಳು. ನನ್ನನ್ನು ಕಂಡು ಓಡಿಬಂದು ಸೊಂಟ ತಬ್ಬಿಕೊಂಡಳು. ಅಪ್ಪನ ಕಡೆ ತಿರುಗಲಿಲ್ಲ. "ಅತ್ತಿ, ನಿನಗ ತೋರಸ್ತೇನಿ ಬಾ," ಎಂದು ಕೈ ಹಿಡಿದು ಎಳೆದಳು. ಅವಳಿಗೆ ನಾನು ಅವಳ ಪರವಾಗಿ ಬಂದವಳು.

ದಾರಿಯಲ್ಲಿ ಶಾಲೆಯ ಮುಂದೆ ಆ ವಿಜ್ಞಾನದ ಮಾಸ್ತರು ಸಿಕ್ಕರು. ನಾನೂ ಶಿಕ್ಷಕಿ ಎಂದು ಪರಿಚಯ ಹೇಳಿಕೊಂಡೆ. ಹುಡುಗಿಯನ್ನು ನೀರು ಕುಡಿದು ಬಾ ಎಂದು ಕಳಿಸಿ, ಅವರು ದನಿ ತಗ್ಗಿಸಿದರು. "ಮೇಡಂ, ನಾ ಪುಸ್ತಕದಾಗ ಇದ್ದದ್ದಷ್ಟ ಹೇಳಿದ್ದೆ. ಈಕಿ ಹಿಂಗ ಮಾಡತಾಳ ಅಂತ ಯಾರಿಗೆ ಗೊತ್ತಿತ್ತು? ಅರ್ಧಾ ಕ್ಲಾಸು ಬಣ್ಣದವರ, ಮಗ್ಗದವರ ಮಕ್ಕಳು. ನಾಕು ಮಂದಿ ಪಾಲಕರು ಬಂದು ಜಗಳಾ ತಗದ್ರು. ಈಗ ಪೇಪರ್ ಚೀಲಾ ಮಾಡಸಾಕತ್ತೇನ್ರಿ. ಯಾರಿಗೂ ತ್ರಾಸಿಲ್ಲ." ಒಳ್ಳೆಯ ಮನುಷ್ಯ. ಅವರ ಜಾಗದಲ್ಲಿ ನಾನಿದ್ದರೂ ಚೀಲವನ್ನೇ ಮಾಡಿಸುತ್ತಿದ್ದೆ.

ಹಳ್ಳ ಊರಿನಿಂದ ಹೆಚ್ಚು ದೂರವಿಲ್ಲ. ಹತ್ತಿರವಾದಂತೆ ಮೂಗಿಗೆ ಸೆರಗು ಹಿಡಿದೆ. ನೀರು ದಡದಲ್ಲಿ ನೇರಳೆ, ನಡುವೆ ಕಪ್ಪು. ಜಾಲಿಯ ಬೇರುಗಳಿಗೆ ಬಣ್ಣದ ನೊರೆ ಮೆತ್ತಿಕೊಂಡಿತ್ತು. ಸಾವಿ ಕಲ್ಲಿನ ಮೇಲೆ ಕೂತು, ತುಂಬ ದಿನದಿಂದ ಕಾದಿಟ್ಟಂತಿದ್ದ ಪ್ರಶ್ನೆ ಕೇಳಿದಳು.

"ಅತ್ತಿ, ಮಾಸ್ತರು ಹೇಳಿದ್ದು ತಪ್ಪೇನ?"

"ಇಲ್ಲವ್ವಾ."

"ಹಂಗಾರ ಅಪ್ಪಂದು ತಪ್ಪೇನ?"

"ಅವಂದೂ ಪೂರಾ ತಪ್ಪಲ್ಲ."

ಅವಳು ನನ್ನ ಮುಖ ನೋಡಿದಳು. "ನಿನ್ನ ಸಾಲ್ಯಾಗ ನೀನೂ ಇದನ್ನ ಕಲಸ್ತೀಯಲಾ?"

"ಹೂಂ."

"ಯಾರರ ಖರೇನ ಮಾಡಿದ್ರ ಏನ ಮಾಡ್ತೀ?"

ಇಷ್ಟು ವರ್ಷ ಮಕ್ಕಳಿಂದ ಭಾಷಣ ಹೇಳಿಸಿದ್ದೇನೆ, ಸಸಿ ನೆಡಿಸಿದ್ದೇನೆ, ಪ್ರಭಾತಫೇರಿ ಕರೆದೊಯ್ದಿದ್ದೇನೆ. ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. "ಇಲ್ಲೀತನಕ ಯಾರೂ ಮಾಡಿಲ್ಲವ್ವಾ," ಎಂದೆ.

ಆಮೇಲೆ ನಾನು ಬಂದ ಕೆಲಸ ಶುರು ಮಾಡಿದೆ. ನಿಮ್ಮಪ್ಪ ಬಣ್ಣ ಹಾಕುವುದು ಬಿಟ್ಟರೆ ಸಾಹುಕಾರ ಆ ನೂಲನ್ನು ಮುಂದಿನ ಓಣಿಯವರಿಗೆ ಕೊಡುತ್ತಾನೆ, ಹಳ್ಳ ಹೀಗೆಯೇ ಇರುತ್ತದೆ, ಮುಚ್ಚುವುದು ನಿಮ್ಮ ಮನೆಯೊಂದೇ ಎಂದೆ. ನಿಮ್ಮವ್ವ ಒಂದೇ ಸಮ ಅಳುತ್ತಿದ್ದಾಳೆ ಎಂದೆ. ದೊಡ್ಡವಳಾಗು, ಚೆನ್ನಾಗಿ ಓದು, ಅಧಿಕಾರಿಯಾಗಿ ಬಂದು ಎಲ್ಲ ಸರಿ ಮಾಡು ಎಂದೆ. ಕೊನೆಯದನ್ನು ಹೇಳುವಾಗ ನನಗೇ ನನ್ನ ದನಿ ಹಿಡಿಸಲಿಲ್ಲ. ತರಗತಿಯಲ್ಲಿ ಗದ್ದಲ ಅಡಗಿಸಲು ಬಳಸುವ ದನಿ ಅದು.

ಅವಳು ವಾದಿಸಲಿಲ್ಲ. ವಾದಿಸಿದ್ದರೆ ಚೆನ್ನಾಗಿತ್ತು. "ನಡಿ ಅತ್ತಿ, ಅವ್ವ ದಾರಿ ನೋಡತಿರತಾಳ," ಎಂದು ಎದ್ದಳು. ವಾಪಸ್ಸು ಬರುವಾಗ ನನ್ನ ಕೈ ಹಿಡಿಯಲಿಲ್ಲ.

ಮರುದಿನ ಬೆಳಿಗ್ಗೆ ನಾನು ಚೀಲ ತುಂಬಿಕೊಳ್ಳುತ್ತಿದ್ದಾಗ ಹಿತ್ತಿಲಿನಿಂದ ಅವಳ ದನಿ ಕೇಳಿತು. "ಅಪ್ಪಾ, ಚಾ." ಕಸ್ತೂರಿ ಒಲೆಯ ಮುಂದೆ ಕೂತವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "ನಿಮ್ಮಿಂದ ನಮ್ಮ ಮನಿ ಉಳೀತ್ರಿ ಅಕ್ಕಾರ," ಎಂದು ನನ್ನ ಕಾಲು ಮುಟ್ಟಲು ಬಂದಳು. ಹಿಂದೆ ಸರಿದೆ.

ಹೇಳಿ ಹೋಗೋಣವೆಂದು ಶೆಡ್ಡಿಗೆ ಹೋದೆ. ಹಂಡೆಯಲ್ಲಿ ನೂಲು ಕುದಿಯುತ್ತಿತ್ತು. ಶಂಕರ ನೂಲಿನ ಲಡಿಗಳನ್ನು ಕೋಲಿಗೆ ಹಾಕಿ ಎತ್ತುತ್ತಿದ್ದ. ಸಾವಿ ಶಾಲೆಯ ಬಟ್ಟೆಯಲ್ಲೇ ಪಕ್ಕದಲ್ಲಿ ನಿಂತು, ನೂಲು ಜಾಲಿಸಿದ ಬಣ್ಣದ ನೀರಿನ ಬಕೆಟ್ ಹಿಡಿದಿದ್ದಳು. ಬೇಡ ಬಿಡವ್ವಾ ಎಂದು ಅವನು ಹೇಳುತ್ತಿದ್ದ, ಆದರೆ ಮಗಳು ಹತ್ತಿರ ಬಂದ ಸಂತೋಷ ಅವನ ಮುಖದ ತುಂಬ ಇತ್ತು. ಅವಳು ಬಕೆಟ್ಟನ್ನು ಎರಡೂ ಕೈಯಿಂದ ಎತ್ತಿ, ತಾನೇ ಮಣ್ಣು ಮೆತ್ತಿದ್ದ ಆ ಕಿಂಡಿಗೆ ಸುರಿದಳು. ನೀರು ಹೋದ ಕಡೆ ನೋಡಲಿಲ್ಲ. ನನ್ನ ಕಡೆ ತಿರುಗಿದಳು.

"ಆತೇನ ಅತ್ತಿ?"

ವ್ಯಂಗ್ಯವಿರಲಿಲ್ಲ. ಕೊಟ್ಟ ಲೆಕ್ಕ ಬಿಡಿಸಿ ಪಾಟಿ ತೋರಿಸುವ ಮಗುವಿನ ಹಾಗೆ ಕೇಳಿದಳು.

"ಆತವ್ವಾ," ಎಂದೆ.

ಮಹಾಲಿಂಗಪುರದ ಮೇಲೆ ಹೋಗುವ ಮುಧೋಳದ ಬಸ್ಸಿಗೆ ಹೊತ್ತಾಗಿತ್ತು. ಬೇಗ ಬೇಗ ನಡೆದೆ. ಓಣಿಯ ತಿರುವಿನಲ್ಲಿ ಒಮ್ಮೆ ಹಿಂದೆ ನೋಡಿದೆ. ಹಿತ್ತಿಲಿನ ಬಾಗಿಲು ತೆರೆದೇ ಇತ್ತು. ಅವಳು ಎರಡನೆಯ ಬಕೆಟ್ ಎತ್ತುತ್ತಿದ್ದಳು.