ಅತ್ತಿಗೆ ಸೊರಗಿದ ಸುದ್ದಿ

ನಮ್ಮ ನಡುಮನೆಯ ಮೂಲೆಯಲ್ಲಿ ಒಂದು ತೂಕದ ಯಂತ್ರವಿದೆ. ಕೋಸು, ಆಲೂಗಡ್ಡೆ, ಮುಸುಕಿನ ಜೋಳ, ಆಗಾಗ ಅಕ್ಕಪಕ್ಕದವರ ಬೆಳ್ಳುಳ್ಳಿ, ಎಲ್ಲವೂ ಅದರ ಮೇಲೆ ಕೂತು ತಮ್ಮ ಯೋಗ್ಯತೆಯನ್ನು ಒಪ್ಪಿಕೊಂಡು ತಾಳವಾಡಿಯ ಸಂತೆಗೆ ಹೊರಟಿವೆ. ಮನುಷ್ಯರು ಮಾತ್ರ ಅದನ್ನು ಹತ್ತಿದವರಲ್ಲ. ನಮ್ಮ ಕಡೆ ಮನುಷ್ಯರ ತೂಕವನ್ನು ಕಣ್ಣಿನಲ್ಲೇ ಅಳೆಯುತ್ತಾರೆ ನೋಡಿ, ಆ ಅಳತೆಯಲ್ಲಿ ದಪ್ಪಗಿರುವವರೆಲ್ಲ ಪಾಸು. ಸೊಸೆ ಮೈ ತುಂಬಿಕೊಂಡಿದ್ದರೆ ಅತ್ತೆ ಒಳ್ಳೆಯವಳು, ಕೊಟ್ಟಿಗೆಯಲ್ಲಿ ಕರೆಯುವ ಹಸುವಿದೆ, ಗಂಡ ಗದರುವವನಲ್ಲ ಎಂದು ಊರು ತಾನೇ ತಾನಾಗಿ ಓದಿಕೊಳ್ಳುತ್ತದೆ. ತೆಳ್ಳಗಾದವಳು ಎದುರಾದರೆ ಮಾತ್ರ “ಯಾಕವ್ವ, ಏನಾಯ್ತು?” ಎಂದು ದನಿ ತಗ್ಗಿಸುತ್ತದೆ.

ಇಂಥ ಊರಿಗೆ ಆಸ್ಪತ್ರೆಯವರು ತೂಕ ಇಳಿಸುವ ಕಾರ್ಯಕ್ರಮ ತಂದರು. ತಪ್ಪೇನಿಲ್ಲ; ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮಂಡಿನೋವುಗಳು ಘಾಟಿ ಹತ್ತಿ ನಮ್ಮಲ್ಲಿಗೂ ಬಂದು ಬಹಳ ದಿನವಾಗಿತ್ತು. ನರ್ಸಮ್ಮ ಮನೆಮನೆ ಸುತ್ತಿ ಹೆಂಗಸರ ಗುಂಪು ಕಟ್ಟಿದರು. ಅನ್ನ ಕಡಿಮೆ, ಸೊಪ್ಪು ಹೆಚ್ಚು, ದಿನಾ ಸಂಜೆ ನಡಿಗೆ, ತಿಂಗಳಿಗೊಮ್ಮೆ ಅಂಗನವಾಡಿಯಲ್ಲಿ ತೂಕ. ಮೊದಲು ಹೆಸರು ಕೊಟ್ಟವರು ನನ್ನ ಅಣ್ಣನ ಹೆಂಡತಿ, ಶಿವನಾಗಮ್ಮ ಅತ್ತಿಗೆ.

ಅತ್ತಿಗೆ ನಮ್ಮ ಮನೆಗೆ ಬಂದಂದಿನಿಂದ ಹೊಲಕ್ಕೆ ಹೋಗಿದ್ದಾರೆ, ನೀರಿಗೆ ಹೋಗಿದ್ದಾರೆ, ಮದುವೆಗೂ ಸಾವಿಗೂ ಹೋಗಿದ್ದಾರೆ. ಸುಮ್ಮನೆ ಎಲ್ಲಿಗೂ ಹೋದವರಲ್ಲ. ಕೆಲಸವಿಲ್ಲದೆ ಹೆಂಗಸು ಬೀದಿಯಲ್ಲಿ ನಡೆಯುವುದೆಂದರೆ ನಮ್ಮಲ್ಲಿ ಅದಕ್ಕೊಂದು ಕಾರಣ ಕೊಡಬೇಕು. ಈಗ ಕಾರಣ ಸಿಕ್ಕಿತ್ತು. “ಎತ್ಲಾಗವ್ವ ಓಯ್ತಿದ್ದೀರಿ?” ಎಂದು ಯಾರಾದರೂ ಕೇಳಿದರೆ “ಡಾಕ್ಟ್ರು ನಡೀರಿ ಅಂದವ್ರೆ ಕಣಣ್ಣ” ಎಂದು ಗುಂಪಿಗೆ ಗುಂಪೇ ಕೂಗುತ್ತಿತ್ತು. ನಮ್ಮವ್ವ ಮೊದಮೊದಲು ಸೊಸೆಯ ಈ ಸವಾರಿಗೆ ಮೂತಿ ತಿರುಗಿಸಿದರೂ ಡಾಕ್ಟರ ಮಾತಿಗೆ ಎದುರಾಡಲಿಲ್ಲ. ಜೀರಹಳ್ಳಿ ಕಡೆಯ ಕಾಡಂಚಿನ ರಸ್ತೆಯಲ್ಲಿ ಕತ್ತಲಾದರೆ ಆನೆಗಳೂ ವಾಯುವಿಹಾರಕ್ಕೆ ಇಳಿಯುವುದರಿಂದ, ಹಿಂದಿರುಗುವಾಗ ಹೆಂಗಸರ ವೇಗ ನರ್ಸಮ್ಮ ಬಯಸಿದ್ದಕ್ಕಿಂತ ಜಾಸ್ತಿಯೇ ಇರುತ್ತಿತ್ತು. ಅತ್ತಿಗೆ ನಗುತ್ತಾ ಏದುಸಿರು ಬಿಡುತ್ತಾ ಬಂದು ಆ ನಗುವಿನಲ್ಲೇ ಒಲೆ ಹಚ್ಚುತ್ತಿದ್ದರು.

ತೂಕ ನಿಜವಾಗಿಯೂ ಇಳಿಯಿತು. ಅಂಗನವಾಡಿಯಲ್ಲಿ ಚಪ್ಪಾಳೆ, ಊರಿನಲ್ಲಿ ಗುಸುಗುಸು. ಅತ್ತಿಗೆ ಸೊರಗಿದ ಸುದ್ದಿ ಬಸ್ಸು ಹತ್ತಿ ಅವರ ತವರು ಪಣಕಹಳ್ಳಿಯನ್ನು ಮುಟ್ಟುವಷ್ಟರಲ್ಲಿ ಆ ಸುದ್ದಿಗೇ ಚೆನ್ನಾಗಿ ಮೈ ಬಂದಿತ್ತು. ಒಂದು ಬೆಳಗ್ಗೆ ಅವರ ಅಣ್ಣ ಗುರುಮಲ್ಲಪ್ಪ ಬೈಕಿಗೆ ತುಪ್ಪದ ಡಬ್ಬಿ, ಎಳ್ಳುಂಡೆ, ಕಜ್ಜಾಯ ಕಟ್ಟಿಕೊಂಡು ಬಂದವರೇ, ಕೊಟ್ಟ ನೀರನ್ನೂ ಕುಡಿಯದೆ ಅವ್ವನನ್ನು ಕೇಳಿದರು: “ಅತ್ತೆ, ನಮ್ಮುಡ್ಗಿ ಯಾಕಿಂಗೆ ಸೊರ್ಗೋಗವ್ಳೆ? ಒಟ್ಟೆಗಿಕ್ಕಾಕೆ ಕಷ್ಟ ಆದ್ರೆ ಯೇಳಿ, ನಾ ಕರ್ಕೊಂಡೋಯ್ತೀನಿ.”

“ಅಯ್ಯೋ ಶಿವನೇ, ಆಸ್ಪತ್ರೆಯೋರು ಇಳ್ಸವ್ರೆ ಕಣಪ್ಪ, ನಾವಲ್ಲ!”

“ಆಸ್ಪತ್ರೆಯೋರು ಕಾಯ್ಲೆ ಇಳ್ಸಬೇಕು. ಮನುಸ್ರನ್ನ ಇಳ್ಸಾದು ಅದ್ಯಾವ ವೈದ್ಯ?”

ಅವ್ವನ ಮಾನ ಹೋದಂತಾಯಿತು. ಅಂದಿನಿಂದ ಅವಳು ಅತ್ತಿಗೆಯ ತಟ್ಟೆಯ ಪಕ್ಕ ತುಪ್ಪದ ಡಬ್ಬಿ ಹಿಡಿದು ಕಾವಲು ಕೂತಳು. ಬೇಡವೆಂದರೆ ಅತ್ತೆಗೆ ಅವಮಾನ, ತಿನ್ನದಿದ್ದರೆ ಅಣ್ಣನಿಗೆ ಅನುಮಾನ, ಅತ್ತಿಗೆ ತಿಂದರು. ಗುಂಪಿನ ಉಳಿದವರ ಮನೆಗಳಿಗೂ ತವರಿನ ಡಬ್ಬಿಗಳು ಬರತೊಡಗಿದವು.

ಅಷ್ಟರಲ್ಲಿ, ಈರೋಡಿನಿಂದ ದೊಡ್ಡ ಡಾಕ್ಟರು ಮೌಲ್ಯಮಾಪನಕ್ಕೆ ಬರುತ್ತಾರೆ, ತೂಕ ಇಳಿಯದಿದ್ದರೆ ಗುಂಪನ್ನು ನಿಲ್ಲಿಸುತ್ತಾರೆ ಎಂದು ನರ್ಸಮ್ಮ ತಿಳಿಸಿದರು. ಅತ್ತಿಗೆ ಶಾಲೆಯಲ್ಲಿ ಪಾಠ ಮುಗಿಸಿ ಬಂದ ನನ್ನನ್ನು ತಡೆದು, “ತೂಕ ಅತ್ಲಾಗಿರ್ಲಿ ಮೇಷ್ಟ್ರೇ, ಸಂಜೆ ಓಗಾದು ನಿಂತೋದ್ರೆ ನಾನೇನ್ ಮಾಡ್ಲಿ?” ಎಂದರು. ಅವರ ಕಣ್ಣು ತುಂಬಿದ್ದು ಕಂಡು ನನಗೆ ಸಂಕಟವಾಯಿತು. ಇಷ್ಟು ವರ್ಷ ಈ ಮನೆಯಲ್ಲಿ ಅವರು ತಮಗಾಗಿ ಬೇಕೆಂದು ಬಯಸಿದ್ದನ್ನು ನಾನು ಕಂಡದ್ದು ಅದೊಂದೇ.

ಡಾಕ್ಟರು ಚಿಕ್ಕ ವಯಸ್ಸಿನವರು, ನಗುಮುಖದವರು. ಶಾಲೆಯ ಕುರ್ಚಿ ತಲುಪಿಸುವ ನೆಪದಲ್ಲಿ ನಾನೂ ಅಂಗನವಾಡಿಯಲ್ಲಿ ನಿಂತಿದ್ದೆ. ಒಬ್ಬೊಬ್ಬರೇ ಹತ್ತಿದರು, ಮುಳ್ಳು ಹೊರಟಲ್ಲಿಗೇ ಬಂದು ನಿಂತಿತು. ಮೊದಲು ಇಳಿದದ್ದು ಮತ್ತೆ ಏರಿದ್ದು ಯಾಕೆ ಎಂದು ಡಾಕ್ಟರು ಪ್ರೀತಿಯಿಂದಲೇ ಕೇಳಿದರು. ಮನೆಯವರ ಉಪಚಾರದ ಮೇಲೆ ದೂರು ಹೇಳುವುದುಂಟೇ? “ಗೊತ್ತಿಲ್ಲ ಡಾಕ್ಟ್ರೆ” ಎಂದರು ಅತ್ತಿಗೆ. ಗುಂಪು ಅಲ್ಲಿಗೆ ಮುಗಿಯಿತು.

ಡಾಕ್ಟರನ್ನು ನಾನು ದೂರಲಾರೆ. ಹತ್ತು ಜನರ ಹಣ ಖರ್ಚಾಗುವ ಕಡೆ ಫಲವೇನು ಎಂದು ಯಾರಾದರೂ ಕೇಳಲೇಬೇಕು, ಕೇಳಿದ್ದಕ್ಕೆ ಅಂಕಿಯಲ್ಲಿ ಉತ್ತರ ಬೇಕೇ ಬೇಕು. ಸಕ್ಕರೆ ಕಾಯಿಲೆ ನಮ್ಮ ಭಾವನೆಗಳಿಗೆ ಕರಗುವುದಿಲ್ಲ. ಆದರೂ ಒಂದು ಯೋಚನೆ ನನ್ನನ್ನು ಬಿಡದು. ಅಂದು ಅತ್ತಿಗೆ ಅಂಗನವಾಡಿಯ ಆ ಯಂತ್ರದ ಮೇಲೆ ಒಬ್ಬರೇ ನಿಂತಿದ್ದರೇ? ಅವರ ಬೆನ್ನಿಗೆ ಅವ್ವನ ಮಾನ, ಗುರುಮಲ್ಲಪ್ಪನ ಅಕ್ಕರೆ, ಊರಿನ ಕಣ್ಣು, ಎಲ್ಲವೂ ಹತ್ತಿ ನಿಂತಿದ್ದವು. ನರ್ಸಮ್ಮ ಅತ್ತಿಗೆಗೆ ಹೇಳಿದ ಪಾಠವನ್ನು ಮೊದಲು ಅತ್ತೆಯಂದಿರನ್ನೂ ಅಣ್ಣಂದಿರನ್ನೂ ಕೂರಿಸಿ ಹೇಳಬೇಕಿತ್ತೇನೋ. ತೆಳ್ಳಗಾದ ಹೆಣ್ಣು ಸುಖವಾಗಿಯೂ ಇರಬಹುದೆಂದು ಅವರಿಗೆ ಯಾರೂ ಹೇಳಿರಲಿಲ್ಲ.

ಮರುದಿನ ಸಂಜೆ ಅವ್ವ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ಅತ್ತಿಗೆ ಒಳಗೆ, ಬೆಳಗ್ಗೆ ಒಮ್ಮೆ ಜರಡಿ ಹಿಡಿದಿದ್ದ ರಾಗಿ ಹಿಟ್ಟನ್ನೇ ಮತ್ತೆ ಹಿಡಿಯುತ್ತಿದ್ದರು. ಅವ್ವ ಎರಡು ಸಲ ಬಾಗಿಲ ಕಡೆ ನೋಡಿದಳು.

“ಒತ್ತಾಯ್ತಲ್ಲವ್ವ, ಓಗಾಕಿಲ್ವಾ?”

“ಇನ್ನಿಲ್ಲ ಕಣತ್ತೆ. ಡಾಕ್ಟ್ರು ನಿಲ್ಸುಬುಟ್ರು.”

ಅವ್ವ ಮೊರವನ್ನು ಬದಿಗೆ ಸರಿಸಿದಳು. “ನಿಲ್ಸುದ್ರೆ ನಿಲ್ಸ್ಲಿ ಬುಡು. ಅಲ್ಲಿಂದ ಬಂದ್ರೆ ಮನೆ ತುಂಬ ನಗ್ತಾ ಓಡಾಡ್ತಿದ್ದೆ. ಬೆಳಗ್ಗಿಂದ ನಿನ್ ಬಾಯ್ಲಿ ಒಂದ್ ಮಾತಿಲ್ಲ. ಇದೇನ್ ಮನೆಯಾ, ಮಸಾಣವಾ? ಡಾಕ್ಟ್ರು ಯೇಳ್ದೆ ಓದ್ರೇನು, ನಾ ಯೇಳ್ತಿವ್ನಿ. ಓಗು.”

ಅತ್ತಿಗೆ ಹಿಟ್ಟಿನ ಕೈಯಲ್ಲೇ ಹೊಸಿಲಿಗೆ ಬಂದರು. ಆಮೇಲೆ ಕೈ ಕೊಡವಿ, ಸೆರಗು ಸಿಕ್ಕಿಸಿ, ಬೀದಿಗಿಳಿದವರೇ “ಬರ್ರವ್ವಾ, ನಮ್ಮತ್ತೆ ಕಳಿಸ್ತವ್ರೆ!” ಎಂದು ಕೂಗಿದ್ದಕ್ಕೆ ಕೇರಿಯ ಬಾಗಿಲುಗಳು ಒಂದೊಂದಾಗಿ ತೆರೆದುಕೊಂಡವು.