ಚೀಲ ಹತ್ತಿದ ಬಸ್ಸು

ಅಂದು ಕುರುಗೋಡಿನ ತಂಗಿಯ ಮನೆಯ ಪ್ರಾರ್ಥನಾ ಕೂಟದಲ್ಲಿ ನಾನು ಮಾತನಾಡಬೇಕಿತ್ತು. ವಿಷಯ, ದೇವರ ಯೋಜನೆಗೆ ನಮ್ಮನ್ನು ಒಪ್ಪಿಸಿಕೊಡುವುದು. ಬಳ್ಳಾರಿ ಬಸ್ ನಿಲ್ದಾಣದಲ್ಲಿ ನೂಕುನುಗ್ಗಲು. "ಪ್ರಭುವೇ, ನಿನ್ನ ಚಿತ್ತದಂತೆ ಆಗಲಿ" ಎನ್ನುತ್ತಲೇ, ಎಲ್ಲರಂತೆ ಸೀಟು ಹಿಡಿಯಲು ಬೈಬಲ್ ಇದ್ದ ಚೀಲವನ್ನು ಕಿಟಕಿಯೊಳಗೆ ಎಸೆದೆ. ಹತ್ತಿದ ಮೇಲೆ ತಿಳಿಯಿತು, ಅದು ಸಿರುಗುಪ್ಪದ ಬಸ್ಸು.

ಚೀಲ ತೆಗೆದುಕೊಂಡು ಇಳಿಯೋಣವೆಂದರೆ ಪಕ್ಕದ ಸೀಟಿನ ಅಜ್ಜಿ ಅದರ ಮೇಲೆ ಕೈಯಿಟ್ಟು ಕಾಯುತ್ತಿದ್ದರು.

"ನಾಕು ಮಂದಿ ಕೂಡ ಜಗಳಾಡಿ ನಿನ್ನ ಸೀಟು ಉಳಿಸೀನಿ. ಕುಂದ್ರವ್ವ."

"ನಾ ಕುರುಗೋಡಿಗೆ ಹೋಗಬೇಕಿತ್ರಿ ಅಜ್ಜಿ."

"ಹಂಗಾರ ನಾ ಯಾಕ ಬೈಸ್ಕೊಂಡೆ?"

ಹಿರಿಯರಿಗೆ ಎದುರಾಡಬಾರದೆಂದು ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ್ದರು. ಕುಳಿತೆ. ಬಸ್ಸು ಹೊರಟಿತು. ತಂಗಿಗೆ ಫೋನ್ ಮಾಡಿದೆ.

"ಇದೂ ದೇವರ ಯೋಜನೆ ಇರಬೇಕ್ ಬಿಡಕ್ಕ," ಎಂದಳು. "ಹೋದ ಸಲ ಒಂದು ತಾಸು ಮಾತಾಡಿದ್ದಿ. ಇಲ್ಲಿ ಎಲ್ಲಾರೂ ಆಗಲೇ ಉಪ್ಪಿಟ್ಟಿಗೆ ಕುಂತಾರ."

ಸ್ವಲ್ಪ ಹೊತ್ತು ಬೇಜಾರಾಯಿತು. ಆಮೇಲೆ ಅಜ್ಜಿ ನನ್ನ ಭುಜಕ್ಕೆ ತಲೆಯಾನಿಸಿ ಗೊರಕೆ ಹೊಡೆಯತೊಡಗಿದರು. ಸಿರುಗುಪ್ಪದವರೆಗೂ ಭುಜ ಅಲುಗಿಸದೆ ಕುಳಿತೆ. ಒಪ್ಪಿಸಿಕೊಡುವುದು ನನಗೆ ಅಷ್ಟು ಚೆನ್ನಾಗಿ ಬಂದದ್ದು ಅದೇ ಮೊದಲು.